ಕುರಿದಾರಿಯ ಆರು ಕ್ಯಾನು ನೀರು

ಗಾಡಿ ಆಫ್ ಮಾಡಪ್ಪ ಬಾಲರಾಜು, ಆ ಗುಡುಗುಡು ಸದ್ದಿನಾಗೆ ನನ್ ಮಾತು ನಂಗೇ ಕೇಳ್ಸಲ್ಲ. ಹೂಂ, ಮಾತು ಎಲ್ಲಿಗೆ ಬಂದಿತ್ತು? ನಮ್ ದಿವ್ಯಾ. ಈಗಿನ್ನೂ ಬಸ್ ಹತ್ಸಿ ಬಂದೆ. ಮೊಮ್ಮಗಳು ಅಂತ ಹೊಗಳ್ತಿಲ್ಲ ಕಣೋ, ಈ ದೇವಸಮುದ್ರದಾಗೆ ಬೆಟ್ಟದ ಹಿಂದಿನ ಕುರಿದಾರಿ ಕಣ್ಮುಚ್ಚಿ ಹತ್ತೋ ಜೀವ ಅದೊಂದೇ. ಅವಳ ತಾತ, ನಮ್ ಯಜಮಾನ ಬೋರಯ್ಯ ಹೆಗಲ ಮೇಲೆ ಕೂರಿಸ್ಕೊಂಡು ತೋರ್ಸಿದ್ದು. ಆ ಮುದುಕ ಎಂಥೋನು ಗೊತ್ತಾ, ನೂರು ಕುರೀಗೂ ಒಂದೊಂದು ಹೆಸರಿಟ್ಟಿದ್ದ, ಮೊಮ್ಮಕ್ಕಳ ಹೆಸರು ಮಾತ್ರ ಮರೀತಿದ್ದ. ಇರ್ಲಿ ಬಿಡು.

ಈ ದಿವ್ಯಾ ವಾರವೆಲ್ಲ ಚಳ್ಳಕೆರೆ ಎಣ್ಣೆ ಮಿಲ್ಲಿನಾಗೆ ಕಡ್ಲೆಕಾಯಿ ಜರಡಿ ಹಿಡೀತಾಳೆ. ಅಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆಯಲ್ಲ. ‘ಏಯ್ ಜರಡಿ’ ಅಂತಾರೆ. ಹಂಗಿರೋವಾಗ ನಮ್ಮೂರ ಯುವಕ ಸಂಘದ ಮುರುಗೇಶ್ ಒಂದು ತಿಂಗಳ ಹಿಂದೆ ಬಂದು, ‘ಬರೋ ತಿಂಗಳು ಒಂದು ಭಾನುವಾರ ಮೂವತ್ತೆರಡು ಹುಡುಗ್ರು ಹುಡುಗೀರ್ನ ಬೆಟ್ಟ ಹತ್ತಿಸ್ಬೇಕು, ನೀನೇ ಲೀಡರ್ರು’ ಅಂದ. ಅವತ್ತಿಂದ ಅವಳ ನಡಿಗೇನೇ ಬೇರೆ ಆಯ್ತು.

ಏನೇನ್ ಮಾಡಿದ್ಲು ಅಂತೀಯ! ಮನೆಮನೆಗೆ ಹೋಗಿ ಹುಡುಗ್ರ ಚಪ್ಪಲಿ ತಿರುಗಿಸಿ ಅಟ್ಟೆ ನೋಡಿದ್ಲು. ಬಂಡೆ ಸಂದಿನಾಗೆ ಹೆಜ್ಜೇನು ಐತೆ, ಸೆಂಟು ಹಾಕ್ಕಂಡು ಬಂದೋರ್ನ ವಾಪಸ್ ಕಳಿಸ್ತೀನಿ ಅಂದ್ಲು. ಮೊಳಕಾಲ್ಮುರಿನ ಮೆಕ್ಯಾನಿಕ್ಕು ವಲಿಸಾಬ ಇಲ್ವಾ, ಅವನು ‘ದಿವ್ಯಾ ಮುಂದೆ ಇದ್ರೆ ಮಾತ್ರ ನಮ್ ಶಬಾನಾನ ಕಳಿಸ್ತೀನಿ’ ಅಂದಿದ್ದ. ಆ ಮಾತನ್ನ ನನ್ನ ಮುಂದೆ ಮೂರು ಸಲ ಹೇಳಿದ್ಲು, ಲಾಡು ಚಪ್ಪರಿಸ್ದಂಗೆ.

ಆ ದಾರೀಲಿ ಒಂದ್ ತೊಟ್ಟು ನೀರಿಲ್ಲ. ನಿನ್ನೆಯಿಂದ್ಲೇ ಮಿಲ್ಲಿಗೆ ರಜೆ ಹಾಕಿ, ಐದೈದು ಲೀಟರಿನ ಆರು ಕ್ಯಾನು, ಕೈಗೊಂದರಂತೆ ಮೂರು ಸಲ ಹತ್ತಿ ಇಳಿದು, ಬಂಡೆ ನೆರಳಲ್ಲಿ ಬಚ್ಚಿಟ್ಟು ಬಂದ್ಲು. ಅಂಗೈ ಸುಲಿದಿತ್ತು, ಹರಳೆಣ್ಣೆ ಹಚ್ಚಿದೆ. ಬೋರಯ್ಯನೂ ಹಿಂಗೇ ನೀರಿಡ್ತಿದ್ದ. ಯಾರು ಬೇಕಾದ್ರೂ ಕುಡೀಬಹುದು, ಆದ್ರೆ ಇಟ್ಟೋರ ಹೆಸರು ಹೇಳಿ ಕುಡೀಬೇಕು. ಹೇಳ್ದೆ ಕುಡಿದ್ರೆ ಕದ್ದಂಗೆ ಅಂತಿದ್ದ.

ಇವತ್ತು ಮಧ್ಯಾಹ್ನ ಸಂಘದ ಕಟ್ಟೆ ಮೇಲೆ ಟೋಪಿ ಹಂಚೋವಾಗ ಮುರುಗೇಶ್ ಏನಂದ ಗೊತ್ತಾ? ‘ದಿವ್ಯಾ, ನೀನು ಚಿತ್ರಾನ್ನ ನೋಡ್ಕಳಮ್ಮ. ಮುಂದೆ ಪಾಲಾಕ್ಷ ಹೋಗ್ತಾನೆ.’

ಪಾಲಾಕ್ಷ ಬೇರೆ ಯಾರೋ ಅಲ್ಲ, ನನ್ ಮಗಳ ಮಗನೇ. ಹಲ್ಲು ಬರೋವಾಗ ಈ ಕೈಯಾಗೇ ರಾಗಿಸರಿ ತಿಂದೋನು. ಹೋದ ತಿಂಗಳು ಇವಳ ಹಿಂದೆ ಒಂದ್ಸಲ ಹತ್ತಿದ್ದ, ಅದೂ ಅರ್ಧ.

‘ಯಾಕಣ್ಣ? ಅವನಿಗೆ ದಾರಿ ಗೊತ್ತಾ?’ ಅಂದ್ಲು ದಿವ್ಯಾ.

‘ಬೆಟ್ಟ ಎಲ್ಲಿಗೋಗ್ತೈತೆ? ಎದುರಿಗೇ ನಿಂತೈತಲ್ಲ!’ ಎಲ್ರೂ ನಕ್ಕರು. ‘ಪೇಪರಿನೋರು ಬರ್ತಾರೆ ಕಣಮ್ಮ. ಹುಡ್ಗಿ ಮುಂದೆ, ಗಂಡುಡುಗ್ರು ಹಿಂದೆ, ಫೋಟೋದಾಗೆ ಹೆಂಗೆ ಕಾಣ್ತೈತೆ ನೀನೇ ಹೇಳು. ಕೊರಳಾಗಿರೋ ಆ ಪೀಪಿ ಅವನಿಗೆ ಕೊಡು.’

ಆ ಪೀಪಿ ಅವಳದ್ದು. ಹೈಸ್ಕೂಲಿನಾಗೆ ಕಬಡ್ಡಿ ಗೆದ್ದಾಗ ಮೇಷ್ಟ್ರು ಕೊಟ್ಟಿದ್ದು. ಪಾಲಾಕ್ಷನಾದ್ರೂ ಬೇಡ ಅಂತಾನೇನೋ ಅಂತ ಅವನ ಮುಖ ನೋಡಿದ್ಲು. ಅವನು ತನ್ನ ಹೊಸ ಬೂಟು ನೋಡ್ಕಂತಾ ಕೈ ಚಾಚಿದ. ಕೊರಳಿಂದ ತೆಗೆದು ಕೊಟ್ಲು.

ಅವಳು ಹೊರಡೋವಾಗ ಅವನೇ ಕೂಗಿದ, ‘ದಿವ್ಯಾ, ನೀರೆಲ್ಲಿ ಇಟ್ಟಿದೀಯ?’

‘ಬೆಟ್ಟ ಎದುರಿಗೇ ನಿಂತೈತಲ್ಲ, ಕೇಳ್ಕಳ್ರಿ’ ಅಂದ್ಲು. ಆವಾಗ ಯಾರೂ ನಗ್ಲಿಲ್ಲ.

ಮನೆಗೆ ಬಂದು ಚೀಲದಿಂದ ಬೆಲ್ಲ, ಹುರಿದ ಕಡ್ಲೆಬೀಜ, ಗಾಯದ ಬಟ್ಟೆ, ಹಗ್ಗ ಎಲ್ಲಾ ತೆಗೆದು ಸಾಲಾಗಿ ಇಟ್ಲು, ಸತ್ತೋರ ಸಾಮಾನು ಇಟ್ಟಂಗೆ. ‘ಎಷ್ಟು ಆಸೆ ಪಟ್ಟೆ ನೋಡಜ್ಜಿ, ನಾನೆಂಥ ಪೆದ್ದಿ’ ಅಂದ್ಲು. ಅಳ್ಲಿಲ್ಲ. ಅತ್ತಿದ್ರೆ ನಂಗೆ ಇಷ್ಟು ಸಂಕಟ ಆಗ್ತಿರ್ಲಿಲ್ಲ. ಶಬಾನಾಗೆ ಫೋನ್ ಮಾಡಿ, ನಾನು ಬರ್ತಿಲ್ಲ, ನಿಮ್ಮಪ್ಪನಿಗೆ ಹೇಳು ಅಂದ್ಲು ಅಷ್ಟೇ. ಭಾನುವಾರದ ಪಾಳಿ ಕೇಳ್ಕಂಡು ನಾಲ್ಕರ ಬಸ್ಸಿಗೆ ಚಳ್ಳಕೆರೆಗೆ ಹೊರಟ್ಲು.

ದಾರೀಲಿ ನಾನು, ‘ಮಕ್ಕಳು ಬಾಯಾರಿ ಸಾಯ್ತವೆ ಕಣೇ’ ಅಂದೆ. ಬಸ್ ಮೆಟ್ಲು ಹತ್ತಿ, ತಿರುಗಿ ನೋಡ್ದೆ ಅಂದ್ಲು: ‘ಎರಡನೇ ತಿರುವು, ಒಡೆದ ಗುಂಡುಕಲ್ಲಿನ ಹಿಂದೆ. ಮೂರು ಕಲ್ಲು ಪೇರಿಸಿದೀನಿ. ನಾನು ಹೇಳಲ್ಲ, ನೀನ್ ಏನಾದ್ರೂ ಮಾಡ್ಕ.’

ಬಸ್ಸಿನ ತಾವ ಹೋಗಿ ಬಂದಿದ್ದಕ್ಕೇ ನನ್ ಮಂಡಿ ಹಿಡ್ಕಂಡೈತೆ, ಸಂಘದ ಕಟ್ಟೇವರೆಗೂ ನಡೆಯಕ್ಕಾಗಲ್ಲ ಬಾಲರಾಜು. ನಾಳೆ ಬೆಳಗ್ಗೆ ಆರಕ್ಕೆ ಎಲ್ರೂ ಅಲ್ಲಿಂದ್ಲೇ ಹೊರಡೋದು, ನೀನೇ ಹೋಗು. ಪಾಲಾಕ್ಷನ್ನ ಪಕ್ಕಕ್ಕೆ ಕರೀಬೇಡ, ಪೇಪರಿನೋರ ಎದುರಿಗೇ ಕೇಳು, ನೀರು ಯಾರಿಟ್ಟಿದ್ದು ಅಂತ. ಅವನ ಬಾಯಿಂದ ಹೆಸರು ಬಂದ ಮೇಲೆ ಜಾಗ ಹೇಳು. ಬರೋವಾಗ ಆ ಪೀಪಿ ಇಸ್ಕಂಡ್ ಬಾರಪ್ಪ.