ಅತ್ತೆಯ ಹೊಟ್ಟೆ, ನನ್ನ ಹೊಟ್ಟೆ

ಹುರುಳಿ ಬೇಯಿಸಿ ಬಸಿದ ಕಟ್ಟಿನ ವಾಸನೆ ಬೆಳಗ್ಗೆಯಿಂದ ಮನೆ ತುಂಬ ಓಡಾಡುತ್ತಿದೆ. ಒಗ್ಗರಣೆ ಇಲ್ಲ, ಕಾಯಿ ಇಲ್ಲ. ಒಂದು ಚಿಟಿಕೆ ಉಪ್ಪು, ಒಂದಿಷ್ಟು ಜೀರಿಗೆ, ಅಷ್ಟೇ. ಲೋಟಕ್ಕೆ ಬಗ್ಗಿಸಿಕೊಂಡು ಊದಿ ಊದಿ ಕುಡಿಯುತ್ತಿದ್ದೇನೆ. ಬರುವ ಸೋಮವಾರ ನನ್ನ ಹೊಟ್ಟೆಯನ್ನು ಚಿಕ್ಕದು ಮಾಡುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. ಆಪರೇಷನ್ ಮಾಡಿ, ಒಳಗಿನ ಜಠರದ ಬಹುಪಾಲು ತೆಗೆದು, ಉಳಿದದ್ದನ್ನು ಒಂದು ಬಾಳೆಕಾಯಿಯಷ್ಟು ಮಾಡಿ ಹೊಲಿಯುತ್ತಾರಂತೆ. ಸಕ್ಕರೆ ಕಾಯಿಲೆ, ಸವೆದ ಮಂಡಿ, ನಾಲ್ಕು ಮೆಟ್ಟಿಲು ಹತ್ತಿದರೆ ಕಟ್ಟುವ ಉಸಿರು, ಎಲ್ಲಕ್ಕೂ ಇದೇ ದಾರಿ ಎಂದು ಡಾಕ್ಟರು ಹೇಳಿದ ಮೇಲೆ ಒಪ್ಪಿಕೊಂಡಿದ್ದೇನೆ. ಅದಕ್ಕೆ ಮೊದಲು ಎರಡು ವಾರ ಇಂಥ ತೆಳು ಆಹಾರ.

ಆಸ್ಪತ್ರೆಯಲ್ಲಿ ಆಪ್ತ ಸಲಹೆ ಕೊಡುವ ಹುಡುಗಿಯೊಬ್ಬಳಿದ್ದಾಳೆ. "ಆಂಟಿ, ಮೈಗಿಂತ ಮೊದಲು ಮನಸ್ಸು ತಯಾರಾಗಬೇಕು. ಊಟದ ಜೊತೆ ನಿಮ್ಮ ಸಂಬಂಧ ಎಂಥದ್ದು ಅಂತ ಸ್ವಲ್ಪ ಯೋಚನೆ ಮಾಡ್ಕೊಂಡು ಬನ್ನಿ" ಎಂದಳು. ಊಟಕ್ಕೂ ನನಗೂ ಇರುವುದು ರಕ್ತಸಂಬಂಧ ಕಣಮ್ಮ ಎಂದು ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ನಗು ನಿಂತಿತು. ಮಗ ಸೊಸೆಯನ್ನು ಬಿಟ್ಟು ಯಾರಿಗೂ ವಿಷಯ ಹೇಳಿಲ್ಲ. ತಿನ್ನುವಷ್ಟು ತಿಂದು ಈಗ ಕೊಯ್ಸಿಕೊಳ್ಳೋಕೆ ಹೊರಟಳು ಎಂದು ಜನ ಆಡಿಕೊಂಡಾರು ಎಂಬ ಅಳುಕು. ಹೀಗೆ ಕೂತಿರುವಾಗ ಈ ಕಟ್ಟಿನ ವಾಸನೆಯ ಜೊತೆ ನಮ್ಮತ್ತೆ ನೆನಪಾದರು.

ಎಂಬತ್ತರ ದಶಕದ ಮೊದಲ ವರ್ಷಗಳು. ದಬ್ಬೇಘಟ್ಟದ ಹತ್ತಿರದ ಒಂದು ಊರಿಗೆ ನಾನು ಸೊಸೆಯಾಗಿ ಹೋದೆ. ಈಗ ನನ್ನನ್ನು ನೋಡಿದವರು ನಂಬಲಾರರು, ಆಗ ನಾನು ಒಣಕಲು ಕಡ್ಡಿ. ಮೂವತ್ತೆಂಟು ಕೆಜಿ ಇದ್ದೆ. ಅದರಲ್ಲಿ ಜಡೆಯ ಪಾಲೂ ಸೇರಿತ್ತು. ಹೊಸಿಲು ದಾಟಿ ಒಳಗೆ ಬಂದ ನನ್ನನ್ನು ಅತ್ತೆ ಶಿವನಂಜಮ್ಮ ಮೇಲಿನಿಂದ ಕೆಳಗಿನವರೆಗೆ ನೋಡಿ, "ಬಾಗ್ಲು ಹಾಕ್ರೋ, ಗಾಳಿ ಹೊತ್ಕೊಂಡೋದಾತು" ಎಂದು ನಕ್ಕಿದ್ದರು. ಅವರು ನಕ್ಕರೆ ಕೆನ್ನೆ, ಕತ್ತು, ತೋಳು, ಹೊಟ್ಟೆ ಎಲ್ಲವೂ ಒಂದಾದ ಮೇಲೊಂದು ನಗುತ್ತಿದ್ದವು. ಅಷ್ಟು ದಪ್ಪ. ನಡುಮನೆಯ ಕಂಬಕ್ಕೆ ಒರಗಿ ಕೂತರೆ ಕಂಬ ಕಾಣುತ್ತಿರಲಿಲ್ಲ. ಯಾರು ಬಂದರೂ ತಿನ್ನಿಸದೆ ಕಳಿಸುವವರಲ್ಲ. ದಾರಿ ಕೇಳಲು ಬಂದವನೂ ತಂಬಿಟ್ಟು ತಿಂದೇ ದಾರಿ ಹಿಡಿಯಬೇಕು. ಬಂದವರ ಜೊತೆ ತಾವೂ ಒಂದು ತಿನ್ನುತ್ತಿದ್ದರು, ಒಬ್ಬರೇ ತಿಂದರೆ ಅವರಿಗೆ ಸಂಕೋಚವಾದೀತು ಎಂದು.

ಇಂಥ ಅತ್ತೆ ಒಂದು ದಿನ ಹಿತ್ತಿಲಲ್ಲಿ ನೀರಿನ ಹಂಡೆ ಎತ್ತಲು ಹೋಗಿ ಹಾಗೇ ಕುಸಿದು ಕೂತರು. ಮುಖ ಬಿಳಿಚಿಕೊಂಡು ಬೆವರು ಸುರಿಯುತ್ತಿತ್ತು. ಸುಧಾರಿಸಿಕೊಂಡ ಮೇಲೂ ಏನಾಯಿತೆಂದು ಬಾಯಿ ಬಿಡಲಿಲ್ಲ. ಮಾವ ಹಟ ಮಾಡಿ ತುರುವೇಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನವರು ತುಮಕೂರಿಗೆ ಕಳಿಸಿದರು. ತುಮಕೂರಿಗೆ ಹೋದಾಗ ನಾನೂ ಜೊತೆಗಿದ್ದೆ. ಕೊನೆಯ ಹೆರಿಗೆಯಾದಾಗಿನಿಂದ ಹೊಕ್ಕುಳ ಮೇಲೆ ಒಂದು ಗಂಟು ಇತ್ತಂತೆ. ಹರ್ನಿಯಾ. ಇಪ್ಪತ್ತು ವರ್ಷ ಗಂಡನಿಗೂ ಹೇಳದೆ ಸೆರಗಿನಲ್ಲಿ ಮುಚ್ಚಿಟ್ಟಿದ್ದರು.

"ಅಮ್ಮಾ, ಇದನ್ನ ಆಪರೇಷನ್ ಮಾಡ್ಲೇಬೇಕು. ಕರುಳು ಅಲ್ಲಿ ಸಿಕ್ಕಾಕ್ಕೊಂಡ್ರೆ ಪ್ರಾಣಕ್ಕೇ ಬರುತ್ತೆ" ಎಂದರು ಡಾಕ್ಟರು. "ಆದ್ರೆ ಇಷ್ಟು ಮೈ ಇದ್ರೆ ಹೊಲಿಗೆ ನಿಲ್ಲಲ್ಲ. ಹದಿನೈದು ಕೆಜಿ ಇಳಿಸ್ಕೊಂಡು ಬನ್ನಿ. ನಾನೇ ಮಾಡ್ತೀನಿ."

ಅತ್ತೆ ನನ್ನ ಕಡೆ ಕೈ ತೋರಿಸಿ, "ಹದಿನೈದು ಕೆಜಿ ಅಂದ್ರೆ ನಮ್ ಸೊಸೇಲಿ ಅರ್ಧ ಆಳು ಆಗೋಯ್ತಲ್ಲ ಸ್ವಾಮಿ" ಎಂದರು. ಡಾಕ್ಟರು ನಕ್ಕರು, ನಾವೂ ನಕ್ಕೆವು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಗುಬ್ಬಿ ದಾಟಿದ ಮೇಲೆ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಕೊಯ್ಯೋದಕ್ಕೆ ನಂಗೆ ಭಯ ಇಲ್ಲ ಕಣೇ ಮಗ. ಊಟ ಬುಟ್ರೆ ನಾನು ಯಾರು ಅನ್ನೋದೇ ಗೊತ್ತಾಗ್ತಾ ಇಲ್ಲ" ಎಂದರು. ಆ ವಯಸ್ಸಿನಲ್ಲಿ ನನಗೆ ಆ ಮಾತು ಅರ್ಥವಾಗಲಿಲ್ಲ. ಈಗ ಆಗುತ್ತದೆ.

ಮಾರನೆಯ ಬೆಳಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ನನ್ನನ್ನು ಅಡಿಗೆಮನೆಗೆ ಕರೆದರು. "ಇವತ್ತಿಂದ ಅಡಿಗೆಮನೆ ನಿಂದು. ಅರ್ಧ ಮುದ್ದೆ, ಒಂದು ಲೋಟ ಹುರುಳಿ ಕಟ್ಟು, ಸೊಪ್ಪು. ಅದ್ಕಿಂತ ಜಾಸ್ತಿ ನಾನು ಕೇಳಿದ್ರೂ ಕೊಡ್ಬೇಡ. ಬೈತೀನಿ. ಬೈದ್ರೂ ಕೊಡ್ಬೇಡ."

ಮದುವೆಯಾಗಿ ಎಂಟು ತಿಂಗಳಾಗಿದ್ದ ಹುಡುಗಿ ನಾನು. ಅತ್ತೆಗೆ ಬೇಡ ಎನ್ನುವ ಕೆಲಸ ನನ್ನದಾಯಿತು! ಅದೂ ಯಾವ ಮನೆಯಲ್ಲಿ? ಅಟ್ಟದ ತುಂಬ ಕಾಯಿ ಕೊಬ್ಬರಿಯಾಗುತ್ತಾ ಕೂತಿರುವ ಮನೆಯಲ್ಲಿ. ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಕಾಯಿ ಹಾಲು, ಕಾಯಿ ಒಬ್ಬಟ್ಟು. ಕಾಯಿ ಹಾಕದೆ ಅಡಿಗೆ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಮೊದಲ ದಿನದ ಸಾರನ್ನು ಬಾಯಿಗಿಟ್ಟ ಮಾವ ನೀರು ಕುಡಿದು ಎದ್ದರು.

ಮಾವ ಸಣಕಲು ಮನುಷ್ಯ. ಮಾತು ಇನ್ನೂ ಸಣಕಲು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಮೇಲಿನ ಪ್ರೀತಿಯನ್ನು ಅವರು ಕಾಗದದ ಪೊಟ್ಟಣದಲ್ಲೇ ತಂದುಕೊಟ್ಟವರು. ಸಂತೆಯಿಂದ ಬರುವಾಗ ಮೈಸೂರು ಪಾಕು, ಖಾರಾಬೂಂದಿ. ಹೆಂಡತಿಯ ಪಕ್ಕದಲ್ಲಿಟ್ಟು ಮಾತಿಲ್ಲದೆ ಕೈಕಾಲು ತೊಳೆಯಲು ಹೋಗುವರು. ಈಗ ತರುವಂತಿಲ್ಲ. ಮೊದಲ ಸಂತೆಯ ದಿನ ಬರಿಗೈಯಲ್ಲಿ ಬಂದು ಅಂಗಳದಲ್ಲೇ ನಿಂತುಬಿಟ್ಟರು, ಬೇರೆಯವರ ಮನೆಗೆ ಬಂದವರ ಹಾಗೆ. ಎರಡನೆಯ ಸಂತೆಯ ಸಂಜೆ ಅವರಿಗೆ ಹೊಟ್ಟೆನೋವು. ವಿಚಾರಿಸಿದರೆ, ಅಭ್ಯಾಸಬಲದಿಂದ ಪೊಟ್ಟಣ ಕಟ್ಟಿಸಿಕೊಂಡುಬಿಟ್ಟಿದ್ದರು. ಮನೆಗೆ ತಂದರೆ ಹೆಂಡತಿಗೆ ಆಸೆಯಾದೀತೆಂದು ಊರಾಚೆಯ ಮೋರಿಕಟ್ಟೆಯ ಮೇಲೆ ಕೂತು ಪೂರ್ತಿ ತಾವೇ ತಿಂದಿದ್ದರು. "ನನ್ ಪಾಲಿಂದು ನೀವ್ ತಿಂದ್ರೆ ನನ್ ತೂಕ ಇಳಿದಾತಾ?" ಎಂದು ಅತ್ತೆ ನಕ್ಕೂ ನಕ್ಕೂ ಗಂಟು ನೋಯಿಸಿಕೊಂಡರು.

ಮಾರನೆಯ ಬೆಳಗ್ಗೆ ಮಾವ, "ನಡಿ, ತೋಟಕ್ಕೋಗ್ ಬರಾನ" ಎಂದು ಹೆಂಡತಿಯನ್ನು ನಡೆಯಲು ಹೊರಡಿಸಿದರು. ನಮ್ಮ ಕಡೆ ಗಂಡಸರು ಮುಂದೆ, ಹೆಂಗಸರು ಇಪ್ಪತ್ತು ಹೆಜ್ಜೆ ಹಿಂದೆ. ಮೊದಮೊದಲು ಹಾಗೆಯೇ ಹೋದರು. ಅತ್ತೆಗೆ ಉಸಿರು ಕಟ್ಟಿ ನಿಂತಾಗಲೆಲ್ಲ ಮಾವ ಯಾವುದೋ ತೆಂಗಿನ ಮರದ ಬುಡ ನೋಡುವವರಂತೆ ತಾವೂ ನಿಲ್ಲುವರು. ಶಿವರಾತ್ರಿಯ ಹೊತ್ತಿಗೆ ಇಬ್ಬರೂ ಅಕ್ಕಪಕ್ಕ ನಡೆದು ಬರುವುದನ್ನು ನಾನೇ ನೋಡಿದೆ. "ನಿಮ್ ಮಾವಂಗೆ ಈಗ ಮಾತು ಬಂದೈತೆ ಕಣೇ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು, ನಾಚಿಕೊಂಡು.

ಇದೆಲ್ಲ ಚೆಂದವಾಗಿಯೇ ನಡೆಯುತ್ತಿತ್ತು ಎಂದುಕೊಳ್ಳಬೇಡಿ. ಬಾವಿಕಟ್ಟೆಯಲ್ಲಿ ನನ್ನ ಬಗ್ಗೆ ಮಾತು ಹುಟ್ಟಿತ್ತು. ಹೊಸ ಸೊಸೆ ಬಂದು ಅಡಿಗೆಮನೆ ಕಿತ್ತುಕೊಂಡಳಂತೆ, ಅತ್ತೆಗೆ ಅರ್ಧ ಮುದ್ದೆ ಹಾಕ್ತಾಳಂತೆ, ಶಿವನಂಜಮ್ಮ ಹೆಂಗಿದ್ದೋಳು ಹೆಂಗಾದ್ಳು! ಬಿಂದಿಗೆ ಹಿಡಿದು ಹೋದರೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ತವರಿಗೂ ಸುದ್ದಿ ಮುಟ್ಟಿ ನಮ್ಮಮ್ಮ ಕಾಗದ ಬರೆಸಿದಳು.

ಯುಗಾದಿಯ ದಿನ ನಾನು ಸೋತೆ. ಒಬ್ಬಟ್ಟು ಬೇಯಿಸುತ್ತಿದ್ದೆ. ಅತ್ತೆ ಬಂದು ಒಂದು ಕೊಡು ಎಂದರು. ನಾನು ಬೇಡ ಅತ್ತೆ ಎಂದೆ. ಅವರ ಮುಖ ಕೆಂಪಾಯಿತು. "ನೀನ್ಯಾರೇ ನನ್ ಮನೇಲಿ ನಂಗೆ ಬೇಡ ಅನ್ನೋಕೆ? ನಾನು ತಟ್ಟಿದ ಒಲೆ ಅದು!" ಹೊರಗೆ ಜಗಲಿಯಲ್ಲಿ ನೆಂಟರು ಕೂತಿದ್ದರು, ಎಲ್ಲರಿಗೂ ಕೇಳಿಸಿತು. ನಾನು ಎಲೆಯ ಮೇಲೆ ಮೂರು ಒಬ್ಬಟ್ಟು ಹಾಕಿ, ತುಪ್ಪ ಸುರಿದು ಅವರ ಮುಂದಿಟ್ಟೆ. ಪ್ರೀತಿಯಿಂದಲ್ಲ, ನೆಂಟರ ಮುಂದೆ ನಾನು ಒಳ್ಳೆಯ ಸೊಸೆ ಅನ್ನಿಸಿಕೊಳ್ಳಲಿ ಎಂದು. ಅತ್ತೆ ಮೂರನ್ನೂ ತಿಂದರು. ತಿಂದು ಎಲೆಯನ್ನೇ ನೋಡುತ್ತಾ ಕೂತು, "ಕೊಟ್ಬಿಟ್ಟಲ್ಲೇ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆತ್ತಗೆ ಅಂದದ್ದಕ್ಕೆ ಅತ್ತುಬಿಟ್ಟೆ. ಬಾವಿಕಟ್ಟೆಯ ಮಾತು, ಅಮ್ಮನ ಕಾಗದ, ಎಲ್ಲವನ್ನೂ ಹೇಳಿದೆ. ಅತ್ತೆಗೆ ಅದೊಂದೂ ಗೊತ್ತಿರಲಿಲ್ಲ. ಸೆರಗಿನಲ್ಲಿ ನನ್ನ ಮುಖ ಒರೆಸಿ, "ತಪ್ಪು ನಂದು. ನಾನು ಮುಚ್ಚಿಟ್ಕೊಂಡಿದ್ದಕ್ಕೆ ನಿಂಗೆ ಕೆಟ್ಟ ಹೆಸ್ರು ಬಂತು" ಎಂದರು.

ಅದೇ ವಾರ ಊರಲ್ಲಿ ಒಂದು ನಾಮಕರಣ. ಪಂಕ್ತಿಯಲ್ಲಿ ಅತ್ತೆಯ ಪಕ್ಕ ನಾನು ಕೂತಿದ್ದೆ. ಹೋಳಿಗೆಯ ಬುಟ್ಟಿ ಹಿಡಿದು ಬಂದ ಹೆಂಗಸು, "ಹಾಕ್ಸ್ಕೊ ಶಿವನಂಜಕ್ಕ, ಮನೇಲಂತೂ ನಿಂಗೆ ಸಿಗಾಕಿಲ್ಲ" ಎಂದು ನನ್ನನ್ನು ನೋಡಿಕೊಂಡು ಅಂದಳು. ಕೂತವರೆಲ್ಲ ಕಿಸಕ್ಕೆಂದರು. ಅತ್ತೆ ಕೈಯೂರಿ ಎದ್ದು ನಿಂತರು. ಊಟದ ನಡುವೆ ಎದ್ದು ನಿಲ್ಲುವವರನ್ನು ಆ ಊರು ನೋಡಿರಲಿಲ್ಲ.

"ಕೇಳ್ರವ್ವ ಎಲ್ಲಾರೂ. ನನ್ ಹೊಟ್ಟೇಲಿ ಕರುಳು ಆಚೆ ಬಂದೈತೆ. ಇಪ್ಪತ್ತು ವರ್ಷ ಆತು. ನಾಚ್ಕೆ ಪಟ್ಕೊಂಡು ಯಾರ್ಗೂ ಹೇಳಿರ್ಲಿಲ್ಲ. ಆಪರೇಸನ್ ಮಾಡ್ಬೇಕು, ಅದ್ಕೆ ಮೈ ಇಳಿಸ್ಬೇಕು ಅಂದವ್ರೆ ಡಾಕ್ಟ್ರು. ನನ್ ಸೊಸೆ ನನ್ನ ಉಪಾಸ ಕೆಡವಿಲ್ಲ, ಉಳಿಸ್ಕೊಳ್ತಾ ಅವ್ಳೆ. ನೀವು ನಂಗೆ ಪ್ರೀತಿ ತೋರ್ಸ್ಬೇಕು ಅಂದ್ರೆ ಹಾಕ್ಬೇಡ್ರಿ."

ಬುಟ್ಟಿ ಹಿಡಿದವಳಿಗೆ ಮುಂದೆ ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಕೊನೆಗೆ ತುದಿಯಲ್ಲಿದ್ದ ಹಣ್ಣು ಮುದುಕಿಯೊಬ್ಬಳು, "ಅಯ್ಯೋ ಕೂತ್ಕೊ ಕಣವ್ವ, ಕೋಸಂಬ್ರೀನಾದ್ರೂ ತಿನ್ನು" ಎಂದಳು. ಅಂದಿನಿಂದ ಬಾವಿಕಟ್ಟೆಯಲ್ಲಿ ನನಗೆ ಜಾಗ ಬಿಡುತ್ತಿದ್ದರು. ಊರಿನವರು ನಮ್ಮ ಮನೆಗೆ ಸೀಬೆಕಾಯಿ, ಸೌತೆಕಾಯಿ ತಂದುಕೊಡಲು ಶುರುಮಾಡಿದರು. ಏನನ್ನಾದರೂ ಕೊಡದೆ ಇರಲು ಅವರಿಂದಲೂ ಆಗುತ್ತಿರಲಿಲ್ಲ.

ಹದಿನಾಲ್ಕು ಕೆಜಿ ಇಳಿಯಿತು. ಇನ್ನೊಂದನ್ನು ನಾನು ಬಿಟ್ಟೆ ಎಂದರು ಡಾಕ್ಟರು. ಆಸ್ಪತ್ರೆಗೆ ಹೊರಡುವ ದಿನ ಬೆಳಗ್ಗೆ ಅತ್ತೆ ಎಣ್ಣೆ ಸ್ನಾನಕ್ಕೆ ನನ್ನನ್ನು ಬಚ್ಚಲಿಗೆ ಕರೆದರು. ಅಲ್ಲಿಯವರೆಗೆ ಅವರ ಬೆನ್ನನ್ನೂ ನಾನು ಉಜ್ಜಿರಲಿಲ್ಲ. ಆವತ್ತು ಸೆರಗು ಸರಿಸಿ ಹೊಟ್ಟೆ ತೋರಿಸಿದರು. ಇಳಿದ ಚರ್ಮ ಮಡಿಕೆ ಮಡಿಕೆಯಾಗಿ ಜೋತಿತ್ತು, ನಡುವೆ ನಿಂಬೆಹಣ್ಣಿನ ಗಾತ್ರದ ಗಂಟು. ಅಂಗೈಯಲ್ಲಿ ಎಣ್ಣೆ ತೆಗೆದುಕೊಂಡು ನಿಧಾನವಾಗಿ ಹಚ್ಚಿಕೊಳ್ಳುತ್ತಾ ಹೇಳಿದರು:

"ಡಾಕ್ಟ್ರು ಹೇಳ್ದಾಗಿಂದ ಇದ್ರ ಮೇಲೆ ಬೋ ಸಿಟ್ಟಿತ್ತು ಕಣೇ ನಂಗೆ. ಬೆಳಗಾದ್ರೆ ಇದ್ನ ಶಪಿಸ್ತಿದ್ದೆ. ನಿನ್ನೆ ಅನ್ನಿಸ್ತು, ನಾಕು ಮಕ್ಳು ಹೊತ್ತಿದ್ದು ಇದೇ ಅಲ್ವಾ? ನಿನ್ ಗಂಡನ್ನೂ ಇದೇ ಹೊತ್ತಿದ್ದು. ಸಿಟ್ಟು ಮಾಡ್ಕೊಂಡು ಕಳಿಸ್ಬಾರ್ದು. ಮಗಳ್ನ ಗಂಡನ ಮನೇಗೆ ಕಳ್ಸೋ ಹಂಗೆ, ಎಣ್ಣೆ ನೀರು ಹಾಕಿ ಕಳಿಸ್ಬೇಕು."

ನಾನು ಬಿಸಿನೀರು ಹುಯ್ದೆ. ಅವರು ಮುಖಕ್ಕೆ ನೀರು ಬಿದ್ದಾಗ ಅತ್ತರೋ ಏನೋ, ನನಗೆ ತಿಳಿಯಲಿಲ್ಲ. ಹೊರಗೆ ಬಂದಾಗ ಮಾತ್ರ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿದ್ದರು.

ಆಪರೇಷನ್ ಸುಸೂತ್ರವಾಗಿ ಆಯಿತು. ಹನ್ನೊಂದನೆಯ ದಿನ ಮನೆಗೆ ಬಂದರು. ಆಮೇಲೆ ಇಪ್ಪತ್ತು ವರ್ಷ ಬದುಕಿದರು. ಇಳಿದ ಹದಿನಾಲ್ಕರಲ್ಲಿ ಏಳು ಕೆಜಿ ಯಾವಾಗಲೋ ಮೆಲ್ಲಗೆ ವಾಪಸು ಬಂದು ಕೂತಿತು. ಉಳಿದ ಏಳು ನನ್ನ ಮೈಗೆ ಬಂತೆಂದು ನನ್ನ ಗಂಡ, ಈಗ ಅವರೂ ಇಲ್ಲ, ಹಾಸ್ಯ ಮಾಡುತ್ತಿದ್ದರು. ಅತ್ತೆ ಮತ್ತೆ ಒಬ್ಬಟ್ಟು ತಿಂದರು, ಒಂದೇ ಒಂದು, ಎಲ್ಲರ ಜೊತೆ ಕೂತು, ತುಂಬ ಹೊತ್ತು ತಿಂದರು. ಮಾವ ತೀರಿಕೊಳ್ಳುವವರೆಗೂ ಇಬ್ಬರೂ ತೋಟದಲ್ಲಿ ನಡೆಯುವುದನ್ನು ಬಿಡಲಿಲ್ಲ.

ಲೋಟ ಖಾಲಿಯಾಗಿದೆ. ಇದನ್ನೆಲ್ಲ ನೆನೆಯುತ್ತಾ ಕೂತಿದ್ದಾಗ ಎದುರು ಮನೆಯ ಲಲಿತಮ್ಮ ಗೇಟಿನ ಹತ್ತಿರ ಬಂದರು. ಇಬ್ಬರು ಮೊಮ್ಮಕ್ಕಳ ಅಜ್ಜಿ, ಮೈಯಲ್ಲಿ ನನಗೆ ಸರಿಜೋಡಿ. "ಸೋಮವಾರ ಸಂಘದ ಮೀಟಿಂಗಿಗೆ ಬತ್ತೀರೇನ್ರೀ?" ಎಂದು ಕೇಳಿದರು. ಬೆಂಗಳೂರಿನಲ್ಲಿ ಮದುವೆ ಇದೆ ಎಂದು ಹೇಳಲು ಮಾತು ಸಿದ್ಧಮಾಡಿಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಇಲ್ಲ ಕಣ್ರೀ. ಆಪರೇಷನ್ ಮಾಡಿಸ್ಕೋತಾ ಇದೀನಿ. ಹೊಟ್ಟೆ ಚಿಕ್ಕದು ಮಾಡ್ತಾರೆ, ಮೈ ಇಳಿಯೋಕೆ."

ಲಲಿತಮ್ಮ ನಗಲಿಲ್ಲ. ಅತ್ತಿತ್ತ ನೋಡಿ, ಗೇಟು ತೆಗೆದುಕೊಂಡು ಒಳಗೆ ಬಂದು ನನ್ನ ಪಕ್ಕ ಕೂತರು. ದನಿ ತಗ್ಗಿಸಿ, "ಹೌದಾ? ನೋವಾಗ್ತದಂತಾ? ನಂಗೂ ಡಾಕ್ಟ್ರು ಹೇಳವ್ರೆ ಕಣ್ರೀ, ವರ್ಷ ಆಯ್ತು, ಯಾರನ್ನ ಕೇಳ್ಬೇಕೋ ಗೊತ್ತಾಗ್ಲಿಲ್ಲ" ಎಂದರು.

ಮಧ್ಯಾಹ್ನದವರೆಗೆ ಕೂತು ಮಾತಾಡಿದೆವು.