ಗಾಜಿನ ಬೀರುವಿನಿಂದ ಇಳಿದ ರೈಲು

ಬೆಂಗಳೂರಿನ ಜೆ.ಪಿ. ನಗರದಲ್ಲಿ ನನ್ನದೊಂದು ಸಣ್ಣ ಹಲ್ಲಿನ ಕ್ಲಿನಿಕ್ ಇದೆ. ಕಟ್ಟಡದ ಒಡತಿ ಮೇಲಿನ ಮಹಡಿಯಲ್ಲಿದ್ದಾರೆ. ಬಡಾವಣೆಯಾಗುವ ಮೊದಲು ಅವರ ಮನೆಯವರು ಇದೇ ಜಾಗದಲ್ಲಿ ರಾಗಿ, ಹೂಕೋಸು ಬೆಳೆಯುತ್ತಿದ್ದರಂತೆ. ಒಮ್ಮೆ ಅವರ ಊದಿದ ದವಡೆ ನೋಡಲು ಮೇಲೆ ಹೋದಾಗ, ಗಾಜಿನ ಬೀರುವಿನಲ್ಲಿ ಸ್ಟೀಲ್ ಲೋಟಗಳ ಹಿಂದೆ ತಗಡಿನ ರೈಲೊಂದು ಕಂಡಿತು. ಹಸಿರು ಎಂಜಿನ್, ಎರಡು ಡಬ್ಬಿ, ಕಿಟಕಿಗಳಲ್ಲಿ ಬಣ್ಣದಲ್ಲೇ ಬರೆದ ಪ್ರಯಾಣಿಕರು. ಪಕ್ಕದಲ್ಲಿ ಹಳಿಯ ಬಿಡಿ ತುಂಡುಗಳು, ತಿರುಗಿಸುವ ಕೀಲಿ.

ತರಕಾರಿ ಹಾಕಲು ಮಾರುಕಟ್ಟೆಗೆ ಹೋದ ಅವರ ತಂದೆ ಅದನ್ನು ತಂದಿದ್ದರಂತೆ. ಮಕ್ಕಳ ಕೈಗೆ ಸಿಕ್ಕರೆ ಹಾಳಾಗುತ್ತದೆಂದು ಅವತ್ತೇ ಬೀರುವಿಗೆ ಸೇರಿಸಿದ್ದರು.

"ಓಡಿದ್ದನ್ನ ನಾನು ನೋಡೇ ಇಲ್ಲ. ಧೂಳು ಒರೆಸಿದ್ದಷ್ಟೇ. ಈಗಂತೂ ಕೀಲಿ ತಿರುಗಿಸಿದ್ರೂ ಅಲ್ಲಾಡಲ್ಲ" ಎಂದರು ಒಡತಿ.

ಸರಿಮಾಡಿ ಕೊಡುತ್ತೇನೆಂದು ನನ್ನ ಬಾಯಿಂದ ಬಂದುಬಿಟ್ಟಿತು. ಆಟಿಕೆ ಬಿಚ್ಚಿದ ಅನುಭವ ನನಗಿರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಎಂಜಿನ್ನಿನ ಮೇಲ್ಹೊದಿಕೆ ತೆಗೆದೆ. ಒಳಗೆ ಸುರುಳಿ ಸ್ಪ್ರಿಂಗ್, ಗಟ್ಟಿಕಟ್ಟಿದ ಗ್ರೀಸಿನಲ್ಲಿ ಹೂತುಹೋದ ಹಿತ್ತಾಳೆಯ ಚಕ್ರಗಳು. ಗ್ರೀಸು ಕೆರೆದು ಭೂತಗನ್ನಡಿಯಲ್ಲಿ ನೋಡಿದಾಗ ಕೈ ನಿಂತಿತು. ಯಾರ ಕಣ್ಣಿಗೂ ಬೀಳದ ಆ ಒಳಭಾಗದಲ್ಲೂ ಅರದಿಂದ ಉಜ್ಜಿದ ಗೀರುಗಳು ಒಂದೇ ಸಮನಾಗಿದ್ದವು. ಯಾರೋ ಎಲ್ಲೋ ಕೂತು ಇಷ್ಟು ಶ್ರದ್ಧೆಯಿಂದ ಮಾಡಿದ್ದು ಇಷ್ಟು ವರ್ಷ ಓಡದೆ ನಿಂತಿತ್ತಲ್ಲ ಎನಿಸಿತು.

ಗ್ರೀಸು ಗಟ್ಟಿಯಾದ ಮೇಲೆ ಯಾರೋ ಬಲವಂತವಾಗಿ ಕೀಲಿ ತಿರುಗಿಸಿರಬೇಕು, ಒಂದು ಚಕ್ರದಲ್ಲಿ ಹಲ್ಲು ಮುರಿದಿತ್ತು. ಮೇಣದಲ್ಲಿ ಅಚ್ಚು ತೆಗೆದು, ಹಲ್ಲಿನ ಕ್ಯಾಪಿಗೆ ಬಳಸುವ ಲೋಹದಲ್ಲೇ ಎರಕ ಹೊಯ್ಯಿಸಿ ಬೆಸೆದೆ. ಮೊದಲನೆಯದು ಎತ್ತರವಾಗಿ ಸಿಕ್ಕಿಕೊಂಡಿತು. ಎರಡನೆಯದನ್ನು ಉಜ್ಜಿ ಉಜ್ಜಿ ಕೂರಿಸಿದೆ. ಕೀಲಿ ಕೊಟ್ಟು ನೋಡುವ ಆಸೆ ಎಷ್ಟಿದ್ದರೂ ತಡೆದುಕೊಂಡೆ.

ಭಾನುವಾರ ಕಾಯುವ ಕೋಣೆಯ ಕುರ್ಚಿಗಳನ್ನು ಸರಿಸಿ ಹಳಿಯನ್ನು ದುಂಡಗೆ ಜೋಡಿಸಿದೆ. ಒಡತಿ ಕೀಲಿಯನ್ನು ಎಂಜಿನ್ನಿಗೆ ಸಿಕ್ಕಿಸಿ ನನ್ನ ಕಡೆ ನೋಡಿದರು.

"ಏನಾದ್ರೂ ಆಗ್ಬಿಟ್ರೆ?"

"ಮತ್ತೆ ಬಿಚ್ತೀನಿ ಆಂಟಿ. ತಿರುಗಿಸಿ."

ತಿರುಗಿಸಿದರು. ರೈಲು ಒಮ್ಮೆ ನಡುಗಿ, ಕಿರ್ರೆಂದು ಹೊರಟಿತು. ಒಡತಿ ಸೆರಗು ಸಿಕ್ಕಿಸಿಕೊಂಡು ಮೆಲ್ಲಗೆ ಮಲಗಿ, ಕೆನ್ನೆಯನ್ನು ನೆಲಕ್ಕೆ ಒತ್ತಿದರು. ನಾನೂ ಪಕ್ಕದಲ್ಲಿ ಮಲಗಿದೆ. ಅಲ್ಲಿಂದ ನೋಡಿದರೆ ಅದು ಆಟಿಕೆಯಲ್ಲ. ಎಂಜಿನ್ ಬೆಳೆಯುತ್ತಾ ಬೆಳೆಯುತ್ತಾ ಮುಖದ ಮೇಲೇ ಬಂದಂತಾಗಿ ಪಕ್ಕಕ್ಕೆ ಹೊರಳಿತು. ಹಿಂದೆಯೇ ಕಿಟಕಿಯ ಜನ ಒಬ್ಬೊಬ್ಬರಾಗಿ ನಮ್ಮನ್ನು ನೋಡುತ್ತಾ ಸಾಗಿದರು. ನೆಲದ ಕಂಪನ ಕೆನ್ನೆಗೆ ತಾಗುತ್ತಿತ್ತು.

ನಿಂತ ಮೇಲೆ ಒಡತಿ ಅದನ್ನು ಮೇಲಕ್ಕೆ ಒಯ್ಯಲಿಲ್ಲ. "ಕೆಳಗೇ ಇರ್ಲಿ, ಬಂದೋರು ನೋಡ್ಲಿ" ಎಂದರು. ಈಗ ಪ್ರತಿ ಶನಿವಾರ ತಾವೇ ಇಳಿದು ಬಂದು, ಕಾದು ಕೂತವರ ಕೈಗೆ ಕೀಲಿ ಕೊಡುತ್ತಾರೆ. ಮೊನ್ನೆ ಬಿಟಿಎಂ ಬಡಾವಣೆಯಿಂದ ಬಂದಿದ್ದ ಹುಬ್ಬಳ್ಳಿ ಕಡೆಯ ಹುಡುಗಿ ಹಲ್ಲುನೋವಿಗೆ ಕೆನ್ನೆ ಹಿಡಿದು ನೆಲದ ಮೇಲೆ ಕೂತಿದ್ದಳು. ಅವಳ ಸರದಿ ಬಂತೆಂದು ಕರೆದೆ.

"ಇನ್ನೊಂದ್ ಸುತ್ತ ಆಗ್ಲಿ ತಡೀರಿ, ಡಾಕ್ಟ್ರೇ" ಎಂದಳು, ರೈಲಿನಿಂದ ಕಣ್ಣು ತೆಗೆಯದೆ.