ವ್ಯಾಪ್ತಿ ಸಾಹೇಬರು

ನಮ್ಮ ವಿಮಾನ ಕಂಪನಿಯ ಭದ್ರತಾ ಮುಖ್ಯಸ್ಥರಿಗೆ ಬೆನ್ನ ಹಿಂದೆ ನಾವೆಲ್ಲ ಇಟ್ಟಿರುವ ಹೆಸರು ವ್ಯಾಪ್ತಿ ಸಾಹೇಬರು. ವಿಮಾನ ಅಪಹರಣ ತಡೆಯಲೆಂದೇ ಕಂಪನಿ ಈ ಪುಣ್ಯಾತ್ಮರಿಗೆ ಕಾರು, ವಾಕಿಟಾಕಿ, ತಿರುಗುವ ಕುರ್ಚಿ ಎಲ್ಲ ಕೊಟ್ಟಿದೆ. ಅದರಲ್ಲಿ ಸವೆದಿರುವುದು ಕುರ್ಚಿ ಮಾತ್ರ. ಬ್ಯಾಗು ತಪಾಸಣೆಯ ಯಂತ್ರ ಕೆಟ್ಟಿದೆ ಎಂದರೆ, "ಅದು ನಿಲ್ದಾಣದವರದ್ದು, ನಮ್ಮ ವ್ಯಾಪ್ತಿಗೆ ಬರಲ್ಲ" ಎನ್ನುತ್ತಾರೆ. ಟಿಕೆಟ್ಟಿಲ್ಲದವನೊಬ್ಬ ವಿಮಾನದ ಮೆಟ್ಟಿಲವರೆಗೂ ಬಂದಿದ್ದ ಎಂದರೆ, "ಮೆಟ್ಟಿಲು ಪೊಲೀಸರದ್ದು. ಒಳಗೆ ಕಾಲಿಟ್ಟನಾ? ಇಲ್ವಲ್ಲ!" ಎಂದು ಗೆದ್ದವರಂತೆ ಚಹಾ ಹೀರುತ್ತಾರೆ. ಆದರೆ ಅಜ್ಜಿಯೊಬ್ಬರ ಕೈಚೀಲದಲ್ಲಿ ನೇಲ್ ಕಟರ್ ಸಿಕ್ಕ ದಿನ ತಾವೇ ಓಡಿಹೋಗಿ, ಅದನ್ನು ಎತ್ತಿಹಿಡಿದು ಫೋಟೊ ತೆಗೆಸಿಕೊಂಡರು. ಆ ಫೋಟೊ ಈಗಲೂ ಕುರ್ಚಿಯ ಹಿಂದಿನ ಗೋಡೆಯಲ್ಲಿದೆ. ಪೈಲಟ್ ಕೋಣೆಯ ಬಾಗಿಲ ಚಿಲಕ ಸಡಿಲವಾಗಿದೆ, ಯಾರು ತಳ್ಳಿದರೂ ತೆರೆದುಕೊಳ್ಳುತ್ತದೆ ಎಂದು ಬೆಳಗಿನ ವಿಮಾನದ ಪೈಲಟ್ ನಾಲ್ಕು ತಿಂಗಳ ಹಿಂದೆಯೇ ಪತ್ರ ಬರೆದಿದ್ದರು. ಸಾಹೇಬರು ಅದನ್ನು ದುರಸ್ತಿ ವಿಭಾಗಕ್ಕೆ ದಾಟಿಸಿದರು, ಅವರು ನಿಲ್ದಾಣಕ್ಕೆ, ನಿಲ್ದಾಣದವರು ಪೊಲೀಸರಿಗೆ, ಪೊಲೀಸರು ಮತ್ತೆ ಸಾಹೇಬರಿಗೆ. ಆ ವಿಮಾನಕ್ಕಿಂತ ಆ ಪತ್ರವೇ ಹೆಚ್ಚು ಹಾರಾಡಿದೆ. ಮೊನ್ನೆ ಸಾಹೇಬರ ಮಗಳು ಅದೇ ವಿಮಾನಕ್ಕೆ ಟಿಕೆಟ್ ತೆಗೆದಿದ್ದಳು. ಸಾಹೇಬರು ನಮ್ಮೆದುರೇ ಫೋನೆತ್ತಿ, "ಬೆಳಗಿನದು ಬೇಡ ಮಗಳೇ, ಅದರ ಚಿಲಕ ಸರಿಯಿಲ್ಲ. ಸಂಜೆಯದಕ್ಕೆ ಹಾಕಿಸ್ತೀನಿ" ಎಂದರು. "ಮತ್ತೆ ಉಳಿದವರ ಗತಿ ಏನಪ್ಪಾ?" ಎಂದು ಆಕೆ ಕೇಳಿದ್ದು ನಮಗೂ ಕೇಳಿಸಿತು. ಸಾಹೇಬರು ಒಂದಿಷ್ಟೂ ತಡವರಿಸಲಿಲ್ಲ: "ಅವರು ನನ್ನ ವ್ಯಾಪ್ತಿಗೆ ಬರಲ್ಲಮ್ಮಾ."